ವಿಡಿಯೊ ತೋರಿಸಿದರೂ ಪಾಠ ಮನಸ್ಸಿನಲ್ಲಿ ಉಳಿಯುತ್ತಿಲ್ಲ, ಏನು ಮಾಡಬೇಕು?

ಸಮಾಜ ವಿಜ್ಞಾನ ಶಿಕ್ಷಕಿ, ಲಿಂಗಸುಗೂರು:
ಗುರುಬಳಗಕ್ಕೆ ನಮಸ್ಕಾರ. ಅಶೋಕನ ಪಾಠಕ್ಕೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಬಳಸಿ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾದ ವಿಡಿಯೊ ತೋರಿಸಿದೆ. ಮಕ್ಕಳು ಕಣ್ಣರಳಿಸಿ ನೋಡಿದರು. ಮರುದಿನ ಕೇಳಿದರೆ ಉತ್ತರವಿಲ್ಲ. ನಡುವೆ ಕರೆಂಟ್ ಕೈಕೊಡುವುದು ಬೇರೆ. ತಮ್ಮ ಸಲಹೆ ಬೇಕು.

ಪ್ರೌಢಶಾಲಾ ಶಿಕ್ಷಕ, ಮಸ್ಕಿ:
ಮೇಡಂ, ವಿಡಿಯೊವನ್ನು ಒಂದೇ ಓಟಕ್ಕೆ ಮುಗಿಸದೆ, ಅಲ್ಲಲ್ಲಿ ನಿಲ್ಲಿಸಿ, ಮುಂದೇನಾಗಬಹುದೆಂದು ಮಕ್ಕಳಿಂದ ಬರೆಯಿಸಿರಿ. ನಾನಂತೂ ಈ ಪಾಠಕ್ಕೆ ವಿಡಿಯೊವನ್ನೇ ಬಿಟ್ಟು, 1915ರಲ್ಲಿ ಪತ್ತೆಯಾದ ನಮ್ಮೂರ ಅಶೋಕ ಶಾಸನದ ಒಂದೇ ಒಂದು ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಗೋಡೆ ತುಂಬ ಮೂಡಿಸಿ, ಗುಂಪಿಗೊಂದು ಬ್ರಾಹ್ಮಿ (ಆ ಶಾಸನದ ಪ್ರಾಚೀನ ಲಿಪಿ) ಅಕ್ಷರಪಟ್ಟಿ ಕೊಟ್ಟು, ಅದರಲ್ಲಿ ‘ಅಸೋಕಸ’ (ಅಶೋಕನ) ಎಂಬುದನ್ನು ಹುಡುಕಿಸುತ್ತೇನೆ. ಗದ್ದಲವಾಗುತ್ತದೆ, ಆಗಲಿ, ಅಕ್ಷರ ಕೂಡಿಸಿ ತಾವೇ ಓದಿದ ಹೆಸರನ್ನು ಅವರು ಮರೆಯುವುದಿಲ್ಲ.

ವಿಜ್ಞಾನ ಶಿಕ್ಷಕಿ, ಕೊಪ್ಪಳ:
ಕರೆಂಟಿನ ಚಿಂತೆಗೆ, ಹಿಂದಿನ ದಿನವೇ ಡೌನ್‌ಲೋಡ್ ಮಾಡಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ. ಕೊಲರಾಡೊ ವಿಶ್ವವಿದ್ಯಾಲಯದ ಉಚಿತ ಫೆಟ್, ಅಂದರೆ ಪರದೆಯ ಮೇಲೆ ಪ್ರಯೋಗ ಮಾಡಿನೋಡುವ, ಸಿಮ್ಯುಲೇಶನ್‌ಗಳೂ ಹೀಗೆ ಇಂಟರ್‌ನೆಟ್ ಇಲ್ಲದೆ ನಡೆಯುತ್ತವೆ. ಆದರೆ ತಂತಿ, ಬಲ್ಬು, ಸೆಲ್ಲು ಕೈಗೆ ಸಿಗುವಾಗ ವಿದ್ಯುತ್ ಮಂಡಲವನ್ನು ಪರದೆಯ ಮೇಲೆ ಮಾತ್ರ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಅಶೋಕನ ಪಾಠಕ್ಕೂ ಅಷ್ಟೇ: ಗವಿಮಠದ ಅಶೋಕ ಶಾಸನ ನಮಗೆ ಹತ್ತಿರವಿರುವುದರಿಂದ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತೇವೆ.