ಸಹಾಯ ಬೇಕು: ನೆಟ್‌ಪ್ಲಾನ್ ಫೈಲ್‌ನಲ್ಲಿ ಇಂಡೆಂಟೇಶನ್ ಎರರ್

ಉಡುಪಿ ಕಡೆ ಲಿನಕ್ಸ್ ಗೊತ್ತಿರುವವರು ಯಾರಾದರೂ ಇದ್ದೀರಾ? ಬ್ರಹ್ಮಾವರದ ಹತ್ತಿರ ನಮ್ಮೂರಿನ ಲೈಬ್ರರಿಯಲ್ಲಿ ಉಬುಂಟು 22.04 ಸರ್ವರ್ ಇದೆ, ಪುಸ್ತಕಗಳ ಪಟ್ಟಿ ಪೂರ್ತಿ ಅದರಲ್ಲೇ. ಅದಕ್ಕೆ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಡಬೇಕು. ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಟೂಲ್) ಅಪ್ಲೈ ಮಾಡಿದರೆ 'ಇನ್‌ವ್ಯಾಲಿಡ್ ಯಾಮಲ್' (ಯಾಮಲ್ ಅಂದರೆ ಅದರ ಫೈಲ್ ಬರೆಯುವ ಫಾರ್ಮ್ಯಾಟ್) ಅಂತ ಬರುತ್ತದೆ, ಇಂಡೆಂಟೇಶನ್ (ಸಾಲಿನ ಶುರುವಿನ ಖಾಲಿ ಜಾಗ) ಸರಿ ಇಲ್ಲವಂತೆ.

ಟ್ಯಾಬ್ ಇದ್ದರೆ ಯಾಮಲ್ ಒಪ್ಪುವುದಿಲ್ಲ ಅಲ್ವಾ, ಅದಕ್ಕೇ ಎಲ್ಲಾ ಕಡೆ ಎರಡೆರಡು ಸ್ಪೇಸ್ ಹಾಕಿದ್ದೇನೆ, ಕ್ಯಾಟ್ ಮೈನಸ್ ಎ (ಕಾಣದ ಅಕ್ಷರಗಳನ್ನೂ ತೋರಿಸುವ ಕಮಾಂಡ್) ಕೊಟ್ಟು ನೋಡಿದರೂ ಟ್ಯಾಬ್ ಗುರುತು ಎಲ್ಲೂ ಕಾಣುವುದಿಲ್ಲ. ಅಡ್ರೆಸ್ ಕೊನೆಗೆ /24 (ನೆಟ್‌ವರ್ಕ್ ಎಷ್ಟು ದೊಡ್ಡದು ಅನ್ನುವ ಗುರುತು) ಇದೆ. ಗೇಟ್‌ವೇ4 (ರೂಟರ್ ವಿಳಾಸ ಬರೆಯುವ ಹಳೆಯ ರೀತಿ) ಈಗ ಬಳಸಬಾರದು ಅಂತ ರೂಟ್ಸ್ ಕೆಳಗೆ 'ಟು ಡಿಫಾಲ್ಟ್', ಆಮೇಲೆ 'ವಯಾ' ಬರೆದಿದ್ದೇನೆ. ಸಂಶಯ ಇರುವುದು ಅಲ್ಲೇ. ವಯಾ ಶುರುವಾಗಬೇಕಾದ್ದು ಮೇಲಿನ ಸಾಲಿನ ಹೈಫನ್ ನೇರಕ್ಕೋ, 'ಟು' ನೇರಕ್ಕೋ?

ಇನ್ನೊಂದು ವಿಷಯ. ಅದೇ ಫೋಲ್ಡರ್‌ನಲ್ಲಿ ಕ್ಲೌಡ್ ಇನಿಟ್‌ನ (ಸರ್ವರನ್ನು ಮೊದಲ ಸಲ ಸೆಟಪ್ ಮಾಡುವ ಪ್ರೋಗ್ರಾಂ) 50 ನಂಬರಿನ ಫೈಲೂ ಇದೆ, ಅದರಲ್ಲಿ ಡಿಎಚ್‌ಸಿಪಿ (ಐಪಿ ತಾನಾಗಿ ಸಿಗುವ ವ್ಯವಸ್ಥೆ) ಆನ್ ಇದೆ. ನೆಟ್‌ಪ್ಲಾನ್ ಎಲ್ಲಾ ಫೈಲ್ ಸೇರಿಸಿ ಓದುತ್ತದೆ, ಹಾಗಾದರೆ ಅದನ್ನು ತೆಗೆಯಲೇಬೇಕಾ?

ಮಾನಿಟರ್ ಇಲ್ಲ, ಎಲ್ಲಾ ಎಸ್‌ಎಸ್‌ಎಚ್‌ನಲ್ಲೇ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್), ಹಾಗಾಗಿ ಮೊದಲು 'ನೆಟ್‌ಪ್ಲಾನ್ ಟ್ರೈ' ಕೊಡುತ್ತೇನೆ, 120 ಸೆಕೆಂಡಿನಲ್ಲಿ ಎಂಟರ್ ಒತ್ತದಿದ್ದರೆ ಹಳೆಯ ಸೆಟ್ಟಿಂಗ್‌ಗೆ ವಾಪಸ್ ಹೋಗುತ್ತದೆ. ಗೊತ್ತಿದ್ದವರು ದಯವಿಟ್ಟು ರೂಟ್ಸ್ ಭಾಗವನ್ನು ಸ್ಪೇಸ್ ಸಮೇತ ಬರೆದು ಹಾಕಿ.