ಸೆಕೆಂಡ್ ಹ್ಯಾಂಡ್ ಲೇತ್ ಹೆಡ್ ಸ್ಟಾಕಲ್ಲಿ ಟಕ್ ಟಕ್ ಸೌಂಡು, ಬೇರಿಂಗೇ ಹೋಗಿದ್ಯಾ?

ಪ್ರಶ್ನೆ, ಚಿಕ್ಕಮಗಳೂರಿಂದ:

ಅಣ್ಣಂದಿರೇ ನಮಸ್ಕಾರ. ಇಲ್ಲಿ ನಂದೊಂದು ಸಣ್ಣ ವರ್ಕ್‌ಶಾಪ್ ಇದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಷಿನಿನ ಶಾಫ್ಟು, ಗನ್ ಮೆಟಲ್ ಬುಷ್ಷು, ಸ್ಪ್ರೇಯರ್ ಪಂಪಿನ ಕೆಲಸ ಮಾಡ್ತೀನಿ. ಎರಡು ತಿಂಗಳ ಹಿಂದೆ 6 ಅಡಿ ಆಲ್ ಗೇರ್ ಲೇತ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, 3 ಎಚ್‌ಪಿ ಮೋಟರು. ಮುಚ್ಚಿಹೋದ ಒಂದು ಶಾಪಿಂದು, ಎರಡು ಮಳೆಗಾಲ ಟಾರ್ಪಲ್ ಹೊದಿಸಿ ಶೆಡ್ಡಲ್ಲೇ ನಿಲ್ಸಿದ್ರಂತೆ. ನೋಡೋಕೆ ಹೋದಾಗ ಅಲ್ಲಿ ಕರೆಂಟ್ ಇರ್ಲಿಲ್ಲ, ತುಂಡು ಹಿಡಿಯೋ ಚಕ್ಕನ್ನ ಕೈಯಲ್ಲಿ ತಿರುಗಿಸಿ ನೋಡ್ದೆ, ನುಣ್ಣಗೆ ತಿರುಗ್ತು, ದುಡ್ಡು ಕೊಟ್ಟೆ. ಈಗ ಲೋ ಸ್ಪೀಡಲ್ಲಿ ಹೆಡ್ ಸ್ಟಾಕ್ (ಎಡಗಡೆ ಗೇರ್ ಇರೋ ಪೆಟ್ಟಿಗೆ) ಒಳಗಿಂದ ಟಕ್ ಟಕ್ ಟಕ್ ಅಂತ ಬರ್ತದೆ, ಹೈ ರೇಂಜಿಗೆ ಹಾಕಿದ್ರೆ ಟಕ್ ಟಕ್ ಇರಲ್ಲ ಆದ್ರೆ ಗುಂಯ್ ಅಂತ ಬೇರೆ ಥರ ಸೌಂಡು. ಇಲ್ಲೊಬ್ರು ಮೆಕ್ಯಾನಿಕ್ ಐದು ನಿಮಿಷ ಓಡ್ಸಿ ನೋಡಿ ಸ್ಪಿಂಡಲ್ (ಚಕ್ ಹೊತ್ತು ತಿರುಗೋ ಶಾಫ್ಟು) ಬೇರಿಂಗ್ ಎರಡೂ ಹೋಗಿದೆ, ಸ್ಪಿಂಡಲ್ ಎಳೀಬೇಕು ಅಂದ್ರು. ನವೆಂಬರಿಂದ ಹಣ್ಣು ಕುಯ್ಲು ಶುರು ಆದ್ರೆ ಪಲ್ಪರ್ ಕೆಲಸ ಸಾಲಾಗಿ ಬರ್ತದೆ, ಅಷ್ಟರೊಳಗೆ ಮಷಿನ್ ರೆಡಿ ಇರ್ಬೇಕು. ಸ್ಪಿಂಡಲ್ ಬಿಚ್ಚಿಸ್ಲಾ? ಗೊತ್ತಿರೋರು ಹೇಳಿ.

ಕೊಪ್ಪದಿಂದ ಒಬ್ರು:

90 ನಂಬರ್ ಗೇರ್ ಆಯಿಲ್ ಹಾಕಿ ನೋಡಿ ಮಾರಾಯ್ರೆ, ನಮ್ಮಲ್ಲಿ ಒಂದು ಲೇತಿಗೆ ಹಾಗೇ ಮಾಡಿದ್ದು, ಸೌಂಡ್ ನಿಂತಿತು.

ಉತ್ತರ, ಹಾಸನದಿಂದ (ಹಳೇ ಲೇತ್ ರಿಪೇರಿ ಮಾಡೋ ಫಿಟ್ಟರ್):

ತಮ್ಮಾ, ಸ್ಪಿಂಡಲ್ ಮುಟ್ಬೇಡ. ಒಂದ್ಸಲ ಎಳೆದ್ಮೇಲೆ ಬೇರಿಂಗ್ ಪ್ರೀಲೋಡ್, ಅಂದ್ರೆ ಅಲ್ಲಾಡದಂಗೆ ಕೊಡೋ ಬಿಗಿ, ಮತ್ತೆ ಸರಿಯಾಗಿ ಕೂರಿಸೋದು ಎಲ್ಲಾರ ಕೈಲೂ ಆಗೋ ಕೆಲಸ ಅಲ್ಲ, ಚೆನ್ನಾಗಿದ್ದ ಬೇರಿಂಗ್ ಬಿಚ್ಚೋವಾಗ ಸುತ್ತಿಗೆ ಏಟು ತಿಂದು ಹಾಳಾಗಿದ್ದನ್ನ ತುಂಬ ನೋಡಿದೀನಿ. ನೀನು ಬರ್ದಿರೋದ್ರಲ್ಲೇ ಒಂದು ವಿಷಯ ಐತೆ. ಸ್ಪಿಂಡಲ್ ಬೇರಿಂಗ್ ಹೋಗಿದ್ರೆ ಯಾವ ಗೇರಲ್ಲಿ ಹಾಕಿದ್ರೂ ಸೌಂಡ್ ಇರ್ಬೇಕು, ಸ್ಪೀಡ್ ಜಾಸ್ತಿ ಆದಂಗೆ ಅದೂ ಜಾಸ್ತಿ ಆಗ್ಬೇಕು. ನಿಂದು ಲೋ ರೇಂಜಲ್ಲಿ ಮಾತ್ರ ಟಕ್ ಅಂತೈತೆ, ಅಂದ್ರೆ ಲೋ ರೇಂಜಲ್ಲಿ ಮಾತ್ರ ಕಚ್ಕೊಳ್ಳೋ ಗೇರ್ ಜೋಡಿ ಮೇಲೆ ಅನುಮಾನ ಬರ್ಬೇಕು.

ಕೊಪ್ಪದ ಅಣ್ಣೋರು ಹೇಳಿದ 90 ಆಯಿಲ್ ದಯವಿಟ್ಟು ಹಾಕ್ಬೇಡ. ಮಂದ ಆಯಿಲ್ ಸೌಂಡನ್ನ ಮುಚ್ತದೆ ಅಷ್ಟೇ, ಒಳಗಿನ ಏಟು ಹಂಗೇ ಇರ್ತದೆ, ಜೊತೆಗೆ ಹೈ ಸ್ಪೀಡಲ್ಲಿ ಹೆಡ್ ಸ್ಟಾಕ್ ಕಾಯ್ತದೆ, ಕ್ಲಚ್ ಪ್ಲೇಟ್ ಇರೋ ಮಷಿನ್ನಾದ್ರೆ ಅದು ಬೇರೆ ತೊಂದ್ರೆ ಕೊಡ್ತದೆ. ಮಷಿನ್ ಮೇಲಿನ ಪ್ಲೇಟಲ್ಲಿ ಏನು ಬರ್ದಿದ್ಯೋ ಅದೇ ಹಾಕು, ಇಂಥ ಲೇತ್‌ಗಳಿಗೆ ಸಾಮಾನ್ಯವಾಗಿ 68 ನಂಬರ್ ಹೈಡ್ರಾಲಿಕ್ ಆಯಿಲ್. ಮೊದ್ಲು ಈಗಿರೋ ಆಯಿಲನ್ನ ಒಂದು ಬಿಳಿ ಬೇಸಿನ್‌ಗೆ ಇಳ್ಸು. ಹಾಲಿನ ಥರ ಇದ್ರೆ ನೀರು ಸೇರೈತೆ, ಎರಡು ಮಳೆಗಾಲ ನಿಂತಿರೋ ಮಷಿನ್ನು, ಅದನ್ನ ಹಗುರಾಗಿ ತಗೋಬೇಡ, ನೀರು ನಿಂತ ಕಡೆ ಬೇರಿಂಗ್ ರೋಲರ್ ಮೇಲೆ ತುಕ್ಕಿನ ಗುಳಿ ಬೀಳ್ತವೆ. ಬೆರಳಲ್ಲಿ ಉಜ್ಜಿ ನೋಡು. ಬೂದಿ ಬಣ್ಣದ ನುಣುಪಾದ ಗಸಿ ಹಳೇ ಮಷಿನಲ್ಲಿ ಇರೋದೇ. ಹಿತ್ತಾಳೆ ಬಣ್ಣದ ಮಿಂಚಿದ್ರೆ ಬುಷ್ ಇಲ್ಲಾ ಶಿಫ್ಟರ್ ಫೋರ್ಕ್ ಸವೀತೈತೆ. ಚೂರು ಚೂರು ಕಬ್ಬಿಣದ ಚಕ್ಕೆ ಮ್ಯಾಗ್ನೆಟ್‌ಗೆ ಅಂಟಿದ್ರೆ ಅದರ ಫೋಟೋ ಹಾಕು.

ಆಮೇಲೆ ಹೊರಗಿಂದ ಒಳಕ್ಕೆ ಬಾ. ಬೆಲ್ಟ್ ಬಿಚ್ಚಿ ಬರೀ ಮೋಟರ್ ಓಡ್ಸು. ಮೋಟರ್ ಸುಮ್ನಿದ್ರೆ ಬೆಲ್ಟ್ ಹಾಕಿ ಗೇರ್ ನ್ಯೂಟ್ರಲಲ್ಲಿ ಓಡ್ಸು, ಪುಲ್ಲಿ ಕೀ ಲೂಸ್ ಇದ್ರೂ ಟಕ್ ಅಂತೈತೆ, ಪುಲ್ಲಿ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡ್ಸಿದ್ರೆ ಗೊತ್ತಾಗ್ತದೆ. ಮೂರು ಬೆಲ್ಟಲ್ಲಿ ಒಂದು ಹೊಸದು ಎರಡು ಹಳೇದು ಇದ್ರೆ ಮೂರೂ ಒಟ್ಟಿಗೆ ಬದಲಾಯ್ಸು. ಆಮೇಲೆ ಎಡಗಡೆ ಬಾಗಿಲು ತೆಗೆದು ಎಂಡ್ ಗೇರ್ (ಸ್ಪಿಂಡಲ್ ಕಡೆಯಿಂದ ಫೀಡ್ ಬಾಕ್ಸ್ ತಿರುಗಿಸೋ ಗೇರ್‌ಗಳು) ಬಿಡಿಸಿ ಓಡ್ಸು, ಹೈ ಸ್ಪೀಡಿನ ಆ ಗುಂಯ್ ಸೌಂಡ್ ಅಲ್ಲೇ ನಿಲ್ತದೆ ಅಂತ ನನ್ನ ಲೆಕ್ಕ. ತುಂಬ ಜನ ಆ ಗೇರ್‌ಗಳನ್ನ ಒಂದಕ್ಕೊಂದು ಒತ್ತಿ ಕಟ್ಟಿರ್ತಾರೆ. ವಾಪಸ್ ಕಟ್ಟೋವಾಗ ಹಲ್ಲುಗಳ ಮಧ್ಯೆ ನೋಟ್ ಬುಕ್ ಹಾಳೆ ಒಂದು ಪಟ್ಟಿ ಇಟ್ಟು ಕೂರ್ಸಿ ನಟ್ ಟೈಟ್ ಮಾಡು, ಆಮೇಲೆ ಕೈಯಲ್ಲಿ ತಿರುಗಿಸಿ ಹಾಳೆ ಆಚೆ ತೆಗಿ, ಅಷ್ಟು ಸಂದು ಸಾಕು.

ಈಗ ಟಕ್ ಟಕ್ ವಿಷ್ಯ. ಚಕ್ ಮೇಲೆ ಚಾಕ್‌ಪೀಸಲ್ಲಿ ಒಂದು ಗೆರೆ ಹಾಕು. ತೀರ ಕಮ್ಮಿ ಸ್ಪೀಡಲ್ಲಿ ಓಡ್ಸಿ 30 ಸೆಕೆಂಡಲ್ಲಿ ಗೆರೆ ಎಷ್ಟು ಸಲ ಮೇಲೆ ಬಂತು, ಟಕ್ ಎಷ್ಟು ಬಂತು ಎರಡೂ ಎಣಿಸು, ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ್ರೆ ನಿಧಾನಕ್ಕೆ ಕೂತು ಎಣಿಸ್ಬೋದು. ಚಕ್ಕಿನ ಪ್ರತಿ ಸುತ್ತಲ್ಲೂ ಒಂದೇ ಟಕ್ ಇದ್ರೆ ಏಟು ಬಿದ್ದಿರೋದು ಸ್ಪಿಂಡಲ್ ಮೇಲಿನ ದೊಡ್ಡ ಗೇರಿಗೆ. ಅದಕ್ಕಿಂತ ಜಾಸ್ತಿ ಬಂದ್ರೆ ಸ್ಪಿಂಡಲ್‌ಗಿಂತ ಜೋರಾಗಿ ತಿರುಗೋ ಶಾಫ್ಟಲ್ಲಿ ಐತೆ. ನಂಬರ್ ಹೇಳು, ಮುಂದೆ ನೋಡೋಣ.

ಬೇರಿಂಗ್ ಬಗ್ಗೆ ಮನಸ್ಸಲ್ಲಿ ಭಯ ಉಳಿಬಾರ್ದು ಅಂದ್ರೆ ಅದನ್ನೂ ನೋಡ್ಬಿಡು. ಮ್ಯಾಗ್ನೆಟ್ ಬೇಸ್ ಹೆಡ್ ಸ್ಟಾಕ್ ಮೇಲೆ ಕೂರ್ಸಿ ಅಲ್ಲಾಟ ಅಳೆಯೋ ಡಯಲ್ ಗೇಜಿನ ಮುಳ್ಳನ್ನ ಸ್ಪಿಂಡಲ್ ಮೂತಿಗೆ ಇಡು, ಚಕ್ಕಿಗೆ ಇಡ್ಬೇಡ. ಬೆಡ್ ಮೇಲೆ ಮರದ ತುಂಡು ಹಾಕಿ ಚಕ್ ಕೆಳಗೆ ಮರದ ಹಿಡಿಕೆ ಕೊಟ್ಟು ಮೆಲ್ಲಗೆ ಎತ್ತು. 0.01, 0.02 ಎಂಎಂ ಅಲ್ಲಾಡಿದ್ರೆ ಚಿಂತೆ ಇಲ್ಲ. 0.05 ಅಲ್ಲಾಡಿದ್ರೆ ಅಡ್ಜಸ್ಟ್ ಮಾಡೋ ಕೆಲಸ ಐತೆ. ಮೀಡಿಯಂ ಸ್ಪೀಡಲ್ಲಿ ಅರ್ಧ ಗಂಟೆ ಓಡ್ಸಿ ಮುಂದಿನ ಬೇರಿಂಗ್ ಹತ್ರ ಅಂಗೈ ಇಡು, ಬೆಚ್ಚಗಿರ್ಬೇಕು, ಕೈ ಎಳ್ಕೊಳ್ಳೋ ಹಂಗೆ ಸುಡ್ಬಾರ್ದು.

ಪ್ರಶ್ನೆ ಕೇಳಿದವರು, ನಾಲ್ಕು ದಿನ ಆದ್ಮೇಲೆ:

ಅಣ್ಣ, ನೀವು ಹೇಳಿದ್ದು ಒಂದೊಂದೇ ಮಾಡ್ದೆ. ಆಯಿಲಲ್ಲಿ ನೀರಿಲ್ಲ, ಕಪ್ಪಗಿತ್ತು, ಮ್ಯಾಗ್ನೆಟ್‌ಗೆ ಅಕ್ಕಿ ನುಚ್ಚಿನಷ್ಟು ಒಂದು ಚೂರು ಅಂಟ್ತು, ಒಂದು ಕಡೆ ಹೊಳಪು, ಮುರಿದ ಕಡೆ ಮಾತ್ರ ಸಕ್ಕರೆ ಹರಳಿನ ಥರ ಇದೆ. ಎಂಡ್ ಗೇರ್ ಬಿಡಿಸಿದ ತಕ್ಷಣ ಗುಂಯ್ ಹೋಯ್ತು, ಹಾಳೆ ಇಟ್ಟು ಕಟ್ಟಿ ಗ್ರೀಸ್ ಹಾಕಿದ್ಮೇಲೆ ಅಷ್ಟೇನೂ ಕೇಳಲ್ಲ. ಡಯಲ್ 0.015 ತೋರಿಸ್ತು. ಲೋ ಸ್ಪೀಡಲ್ಲಿ 30 ಸೆಕೆಂಡಿಗೆ ಗೆರೆ 20 ಸಲ ಬಂತು, ಟಕ್ 54. ಮೂರು ಸಲ ಎಣಿಸ್ದೆ, ಮೂರು ಸಲವೂ ಅಷ್ಟೇ.

ಉತ್ತರ:

ಭಾಳ ಚೆನ್ನಾಗಿ ಮಾಡಿದೀಯ. 54ನ್ನ 20ರಿಂದ ಭಾಗ್ಸಿದ್ರೆ 2.7. ಮೇನ್ ಫ್ಯೂಸ್ ತೆಗೆದಿಟ್ಟು ಮೇಲಿನ ಕವರ್ ಮಾತ್ರ ಬಿಚ್ಚು, ಸ್ಪಿಂಡಲ್ ದೊಡ್ಡ ಗೇರ್ ಹಲ್ಲು ಎಣಿಸು, ಅದಕ್ಕೆ ಲೋ ರೇಂಜಲ್ಲಿ ಕಚ್ಕೊಳ್ಳೋ ಪಿನಿಯನ್ (ಚಿಕ್ಕ ಗೇರ್) ಹಲ್ಲೂ ಎಣಿಸು. ಭಾಗ್ಸಿದಾಗ 2.7 ಬಂದ್ರೆ ಏಟು ಬಿದ್ದಿರೋದು ಆ ಪಿನಿಯನ್ ಶಾಫ್ಟಲ್ಲೇ. ಬಿಚ್ಚಿದ ಬೋಲ್ಟು ಎಣಿಸಿ ಡಬ್ಬಿಲಿ ಹಾಕು, ಜೇಬಲ್ಲಿರೋ ಸಾಮಾನೆಲ್ಲ ತೆಗೆದಿಡು, ಒಳಗೆ ಏನಾದ್ರೂ ಬಿದ್ರೆ ಕಷ್ಟ.

ಪ್ರಶ್ನೆ ಕೇಳಿದವರು:

ಅಣ್ಣ, ದೊಡ್ಡದು 81 ಹಲ್ಲು, ಪಿನಿಯನ್ 30! ಟಾರ್ಚ್ ಬಿಟ್ಟು ಒಂದೊಂದೇ ಹಲ್ಲು ತಿರುಗಿಸಿ ನೋಡ್ತಾ ಹೋದೆ, ಪಿನಿಯನಲ್ಲಿ ಒಂದೇ ಒಂದು ಹಲ್ಲಿನ ತುದಿ ಮೂಲೆ ಹಾರಿದೆ, ಪಕ್ಕದಲ್ಲಿ ಲೋಹ ಉಬ್ಬಿ ನಿಂತಿದೆ, ಉಗುರಲ್ಲಿ ಸವರಿದ್ರೆ ತಗಲ್ತದೆ. ಮ್ಯಾಗ್ನೆಟ್‌ಗೆ ಅಂಟಿದ್ದ ಚೂರು ಅಲ್ಲಿಗೆ ಸರಿಯಾಗಿ ಕೂರ್ತದೆ.

ಉತ್ತರ:

ಮುಂಚೆ ಓಡಿಸ್ತಿದ್ದವರು ಮಷಿನ್ ತಿರುಗ್ತಿರೋವಾಗ್ಲೇ ಗೇರ್ ಬದಲಾಯಿಸಿದಾರೆ, ತುದಿ ಒಡೆಯೋದು ಹಂಗೇ. ಚೂರು ಸಿಕ್ಕಿದ್ದು ಒಳ್ಳೇದಾಯ್ತು, ಅದು ಒಳಗೇ ಇದ್ದು ಯಾವತ್ತಾದ್ರೂ ಹಲ್ಲುಗಳ ಮಧ್ಯೆ ಸಿಕ್ಕಾಕೊಂಡಿದ್ರೆ ಇನ್ನೂ ಎರಡು ಹಲ್ಲು ಹೋಗ್ತಿದ್ವು. ಉಬ್ಬಿರೋದನ್ನ ಮಾತ್ರ ಆಯಿಲ್ ಸ್ಟೋನಲ್ಲಿ ತಿಕ್ಕಿ ಇಳ್ಸು, ಕೆಳಗೆ ಬಟ್ಟೆ ಹಾಸಿ. ಹಲ್ಲಿನ ಮುಖ ಮುಟ್ಬೇಡ, ಗ್ರೈಂಡರ್ ಅಂತೂ ಬೇಡ್ವೇ ಬೇಡ. ಹೊಸ 68 ಹಾಕಿ ಓಡ್ಸು, ಟಕ್ ಪೂರ್ತಿ ಹೋಗ್ದಿದ್ರೂ ತುಂಬ ಕಮ್ಮಿ ಆಗ್ತದೆ. ಈ ಸೀಜನ್ ಲೋ ಗೇರಲ್ಲಿ ಭಾರಿ ಕಟ್ ಹಾಕ್ಬೇಡ.

ಸೀಜನ್ ಮುಗಿದ್ಮೇಲೆ ಪಿನಿಯನ್ ಹೊಸದು ಹಾಬಿಂಗ್ (ಗೇರ್ ಹಲ್ಲು ಕಡಿಯೋದು) ಮಾಡ್ಸು. ವರ್ನಿಯರಲ್ಲಿ ಹೊರ ಸೈಜ್ ಹಿಡಿ, 80 ಎಂಎಂ ಬಂದ್ರೆ 30ಕ್ಕೆ 2 ಸೇರ್ಸಿ 32ರಿಂದ ಭಾಗ್ಸು, 2.5 ಮಾಡ್ಯೂಲ್ (ಹಲ್ಲಿನ ಸೈಜ್) ಅಂತ ಅರ್ಥ. ಇಎನ್ 353 ಸ್ಟೀಲಲ್ಲಿ ಮಾಡ್ಸಿ ಕೇಸ್ ಹಾರ್ಡನಿಂಗ್ (ಹೊರಮೈ ಗಟ್ಟಿ ಮಾಡೋದು) ಮಾಡ್ಸು, ಹಲ್ಲಿನ ತುದಿ ಹಳೇದ್ರಲ್ಲಿ ಹೆಂಗೆ ರೌಂಡ್ ಮಾಡೈತೋ ಹಂಗೇ ಇರ್ಬೇಕು ಅಂತ ಮುಂಚೇನೇ ಹೇಳು, ಇಲ್ಲಾಂದ್ರೆ ಗೇರ್ ಬೀಳೋಕೆ ಒದ್ದಾಡ್ತದೆ. ಸ್ಯಾಂಪಲ್‌ಗೆ ಹಳೇ ಪಿನಿಯನ್ ಕೊಡು, ಆದ್ರೆ ಹೊಸದು ಕೂತು ಓಡೋ ತನಕ ಅದನ್ನ ಗುಜರಿಗೆ ಹಾಕ್ಬೇಡ.

ಪ್ರಶ್ನೆ ಕೇಳಿದವರು:

ಸ್ಟೋನ್ ಹಾಕಿ ತಿಕ್ಕಿ ಈಗ್ತಾನೆ ಓಡ್ಸಿದೆ ಅಣ್ಣ, ಕಿವಿಗೆ ಸ್ಕ್ರೂ ಡ್ರೈವರ್ ಹಿಡ್ಕೊಂಡು ಕೇಳಿದ್ರೆ ಮಾತ್ರ ಸಣ್ಣಗೆ ಟಿಕ್ ಅಂತದೆ. ತುಂಬ ಥ್ಯಾಂಕ್ಸ್. ಪಿನಿಯನ್ ಸೈಜ್ ಅಳೆದು ನಾಳೆ ಇಲ್ಲೇ ಹಾಕ್ತೀನಿ, ಒಂದ್ಸಲ ನೋಡಿ.