ಎರಡು ಕೆಂಪು ಸಾಲಿನ ಸ್ಟೀಲ್ ವಾಚು: ಇಷ್ಟೊಂದು ಸೆಳೆತ ಯಾಕೆ?

ಮಲ್ಲೇಶ್ವರದವನು:
ಹೋದ ಭಾನುವಾರ ರಾಜಾಜಿನಗರದಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರ ಮನೆಗೆ ಹೋಗಿದ್ದೆ. ಪ್ರಾಯದಲ್ಲಿ ಗಲ್ಫ್ ಕಡೆ ಸಮುದ್ರದ ಎಣ್ಣೆ ಬಾವಿಗಳಲ್ಲಿ ದುಡಿದವರು. ಕಾಫಿ ಮುಗಿದ ಮೇಲೆ ಬೀರುವಿನಿಂದ ಒಂದು ವಾಚು ತೆಗೆದು ನನ್ನ ಕೈಗಿಟ್ಟರು. ರೋಲೆಕ್ಸ್ ಸೀ-ಡ್ವೆಲರ್, ಆಳ ಸಮುದ್ರದ ಡೈವರ್‌ಗಳಿಗೆ ಅಂತ ಮಾಡಿದ ವಾಚು, ಮಾಡೆಲ್ ನಂಬರ್ 1665. ಕಪ್ಪು ಡಯಲ್ ಮೇಲೆ ಎರಡು ಸಾಲು ಕೆಂಪು ಅಕ್ಷರ. ಈ ಹವ್ಯಾಸದವರು 'ಡಬಲ್ ರೆಡ್' ಅಂತಾರಲ್ಲ, ಅದೇ. ಜೊತೆಗಿದ್ದ ಡೈವರ್ ಒಬ್ಬರಿಂದ ಕೊಂಡಿದ್ದಂತೆ.

ಡಯಲ್ ಮೇಲಿನ ಬಿಳಿ ಚುಕ್ಕೆಗಳೆಲ್ಲ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿವೆ. ಸುತ್ತಲಿನ ಕರಿ ಬಳೆ ಮಾಸಿ ಬೂದಿ ಬಣ್ಣವಾಗಿದೆ. ಗಾಜು ಉಬ್ಬಿಕೊಂಡಿದೆ, ಓರೆಯಾಗಿ ನೋಡಿದರೆ ಅಕ್ಷರಗಳು ಬಾಗುತ್ತವೆ. ಹಳೇ ಚೈನು ಕೈ ಕೂದಲು ಹಿಡಿದು ಎಳೆಯಿತು. ಆದರೂ ಬಿಚ್ಚಲು ಮನಸ್ಸಾಗಲಿಲ್ಲ.

ಈಗ ಅವರು ಮಾರುವ ಯೋಚನೆಯಲ್ಲಿದ್ದಾರೆ. ಸೈಟಿಗೆ ಅಂತ ಕೂಡಿಟ್ಟ ದುಡ್ಡು ನನ್ನ ಹತ್ತಿರ ಇದೆ. ಚಿನ್ನವಿಲ್ಲ, ವಜ್ರವಿಲ್ಲ, ಬರೀ ಸ್ಟೀಲು. ಆದರೂ ನಾಲ್ಕು ದಿನದಿಂದ ನಿದ್ದೆ ಸರಿಯಾಗಿಲ್ಲ. ಇದರಲ್ಲಿ ಅಂಥದ್ದೇನಿದೆ? ಬಲ್ಲವರು ಹೇಳಿ.

ಲೆಕ್ಕದ ಪುಸ್ತಕ:
ಸರ್, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಹತ್ತಿರದ ಕಡಲಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ಇಲ್ಲಿ 610 ಮೀಟರ್ ಆಳಕ್ಕೆ ಇಳಿಯುವ ವಾಚು ಕಟ್ಟಿಕೊಂಡು ಏನು ಮಾಡ್ತೀರಿ? ಹತ್ತಾರು ಲಕ್ಷದ ಮಾತು ಇದು. ಸಿಗುವುದು ಕಡಿಮೆ, ಅದಕ್ಕೇ ಎಲ್ಲರಿಗೂ ಬೇಕು. ಎಲ್ಲರಿಗೂ ಬೇಕು, ಅದಕ್ಕೇ ಬೆಲೆ. ಸೆಳೆತ ಅಷ್ಟೇ. ನಾಳೆ ಮಗಳ ಓದಿಗೆ ದುಡ್ಡು ಬೇಕಾದಾಗ ಈ ಕೆನೆ ಬಣ್ಣ ಸಹಾಯಕ್ಕೆ ಬರುತ್ತಾ?

ನೇತ್ರಾಣಿ ಮೀನು:
ನಾನು ಹತ್ತು ವರ್ಷದಿಂದ ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಡೈವ್ ಮಾಡ್ತಿದ್ದೀನಿ. ಕೈಯಲ್ಲಿರುವುದು ಡೈವ್ ಕಂಪ್ಯೂಟರ್. ಆಳ, ಸಮಯ, ಎಷ್ಟು ನಿಧಾನ ಮೇಲೆ ಬರಬೇಕು, ಎಲ್ಲಾ ಅದೇ ಹೇಳುತ್ತದೆ. ಆದರೂ ಮಲ್ಲೇಶ್ವರದವರ ಸೆಳೆತ ನನಗೆ ಅರ್ಥವಾಗುತ್ತೆ.

ನೀರಿನಡಿ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಮೊದಲ ಸಲ ಒಂದು ಆಮೆಯ ಹಿಂದೆ ಹೋದೆ. ಐದು ನಿಮಿಷ ಆಗಿರಬೇಕು ಅಂದುಕೊಂಡಿದ್ದೆ, ಹದಿನೆಂಟು ಆಗಿತ್ತು. 1950ರಿಂದ ಬ್ಲಾಂಪಾ ಅನ್ನುವ ಸ್ವಿಸ್ ವಾಚು ಕಂಪನಿ ನಡೆಸುತ್ತಿದ್ದ ಜಾನ್-ಜಾಕ್ ಫಿಶ್ಟರ್ ಸ್ವತಃ ಡೈವರ್. ಹೀಗೇ ಹೊತ್ತು ಮರೆತು, ಗಾಳಿ ಮುಗಿಯುವ ಹೊತ್ತಿಗೆ ಮೇಲೆ ಬಂದವರು. 1953ರಲ್ಲಿ ಅವರ ಫಿಫ್ಟಿ ಫ್ಯಾದಮ್ಸ್ ಬಂತು. ಫ್ರೆಂಚ್ ನೌಕಾಪಡೆಯ ಮುಳುಗು ಸೈನಿಕರಿಗೂ ಅಂಥದ್ದೇ ವಾಚು ಬೇಕಿತ್ತು. ಬಳೆಯನ್ನು ತಿರುಗಿಸಿ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಸೇರಿಸಿದರೆ ಸಾಕು, ಇಳಿದು ಎಷ್ಟು ಹೊತ್ತಾಯಿತು ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಅದು ಅಕಸ್ಮಾತ್ ತಿರುಗಬಾರದು ಅಂತ ಒತ್ತಿ ತಿರುಗಿಸುವ ಹಾಗೆ ಮಾಡಿದ್ದರು. ಚಂದಕ್ಕೆ ಇಟ್ಟದ್ದು ಅದರಲ್ಲಿ ಯಾವುದೂ ಇಲ್ಲ. ನನಗೆ ಅದೇ ಚಂದ.

ಒಂದು ತಕರಾರು ಮಾತ್ರ ಇದೆ. 1665ರ ಬಳೆ ಎರಡೂ ಕಡೆ ತಿರುಗುತ್ತದೆ. ಬಂಡೆಗೆ ತಾಗಿ ಮುಳ್ಳು ಓಡುವ ದಿಕ್ಕಿಗೆ ಸರಿದರೆ, ಗಾಳಿ ಇನ್ನೂ ಇದೆ ಅಂತ ಸುಳ್ಳು ಲೆಕ್ಕ ಕೊಡುತ್ತೆ. ಒಂದೇ ಕಡೆ ತಿರುಗುವ ಬಳೆ ರೋಲೆಕ್ಸಿನಲ್ಲಿ ಆಮೇಲೆ ಬಂತು. ಈ ಹಳೇ ವಾಚನ್ನು ಪರಿಪೂರ್ಣ ಅಂತ ಪೂಜೆ ಮಾಡಬೇಡಿ.

ಅವೆನ್ಯೂ ರೋಡ್ ರಿಪೇರಿ:
ಮೇಡಂ ಹೇಳಿದ್ದು ಸರಿ. ಆದರೆ ಸೀ-ಡ್ವೆಲರ್ ಕಥೆ ಬಳೆಯದ್ದಲ್ಲ, ಪಕ್ಕದಲ್ಲಿರುವ ಒಂದು ಪುಟ್ಟ ವಾಲ್ವ್‌ದು. ನಾನು ಮೂವತ್ತು ವರ್ಷದಿಂದ ವಾಚು ಬಿಚ್ಚುತ್ತಿದ್ದೀನಿ, ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ತುಂಬಾ ಆಳದಲ್ಲಿ ಕೆಲಸ ಮಾಡುವವರು ದಿನಗಟ್ಟಲೆ ಒತ್ತಡದ ಕೋಣೆಯಲ್ಲೇ ಇರುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ. ಉಸಿರಾಡುವ ಗಾಳಿಯಲ್ಲಿ ಹೀಲಿಯಂ ಜಾಸ್ತಿ. ಹೀಲಿಯಂ ಎಷ್ಟು ಸಣ್ಣದು ಅಂದರೆ, ನೀರು ನುಗ್ಗದ ಕಡೆಯೂ ಅದು ನುಗ್ಗುತ್ತದೆ. ವಾಷರ್ ಸಂದಿಯಿಂದ ನಿಧಾನವಾಗಿ ವಾಚಿನೊಳಗೆ ತುಂಬಿಕೊಳ್ಳುತ್ತದೆ. ಒಳಗೂ ಹೊರಗೂ ಒತ್ತಡ ಒಂದೇ ಇರುವಾಗ ತೊಂದರೆಯಿಲ್ಲ. ಕೆಲಸ ಮುಗಿದು ಕೋಣೆಯ ಒತ್ತಡ ಇಳಿಸುತ್ತಾ ಬಂದಾಗ, ಒಳಗೆ ಸಿಕ್ಕಿಕೊಂಡ ಹೀಲಿಯಂ ಅಷ್ಟು ಬೇಗ ಹೊರಗೆ ಬರಲಾರದು. ಟಪ್ ಅಂತ ಗಾಜೇ ಹಾರಿಹೋಗುತ್ತಿತ್ತು! ಆಳಕ್ಕೆ ತಡೆದ ವಾಚು ಮೇಲೆ ಬರುವಾಗ ಸೋಲುತ್ತಿತ್ತು.

ಅದಕ್ಕೆ 1967ರಲ್ಲಿ ಸೀ-ಡ್ವೆಲರ್‌ಗೆ ವಾಲ್ವ್ ಇಟ್ಟರು. ಸ್ಪ್ರಿಂಗ್ ಇರುವ, ಒಳಗಿನಿಂದ ಹೊರಕ್ಕೆ ಮಾತ್ರ ಬಿಡುವ ಬಾಗಿಲು. ಕುಕ್ಕರ್ ವಿಸಿಲ್ ನೋಡಿದ್ದೀರಲ್ಲ, ಹಾಗೆ. ಫ್ರಾನ್ಸಿನ ಮಾರ್ಸೇಯ ಕೋಮೆಕ್ಸ್ ಅನ್ನುವ ಡೈವಿಂಗ್ ಕಂಪನಿಯವರು ಇಂಥ ವಾಚುಗಳನ್ನು ಕಟ್ಟಿಕೊಂಡೇ ದುಡಿದರು.

ಇನ್ನು ಗಾಜು. 610 ಮೀಟರಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 61 ಕಿಲೋ ಭಾರ. ಗಾಜು ಮೂರು ಸೆಂಟಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ, ನಾಲ್ಕು ಕ್ವಿಂಟಾಲಿಗಿಂತ ಜಾಸ್ತಿ ಆಯಿತು. ನಾಲ್ಕು ಮೂಟೆ ಅಕ್ಕಿಯನ್ನು ಒಂದು ನಿಪ್ಪಟ್ಟಿನ ಮೇಲೆ ಪೇರಿಸಿದ ಹಾಗೆ. ಆ ಗಾಜು ಉಬ್ಬಿರುವುದು, ದಪ್ಪಗಿರುವುದು ಅದಕ್ಕೇ.

ಲೆಕ್ಕದ ಪುಸ್ತಕ:
ರಿಪೇರಿ ಅಣ್ಣ, ಚೆನ್ನಾಗಿ ಹೇಳಿದ್ರಿ. ವಾಲ್ವ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಒಂದು ಕೇಳ್ತೀನಿ. ಐವತ್ತು ವರ್ಷದ ಈ ವಾಚನ್ನು ಇವತ್ತು ನೀರಿಗಿಳಿಸಬಹುದಾ?

ಅವೆನ್ಯೂ ರೋಡ್ ರಿಪೇರಿ:
ನಾನಾದರೆ ಬಕೆಟ್ ನೀರಿಗೂ ಹಾಕಲ್ಲ, ವಾಷರ್ ಬದಲಿಸಿ ಒತ್ತಡದ ಪರೀಕ್ಷೆ ಆಗುವ ತನಕ. ಡಯಲ್ ಸಹ ಕತ್ತಲಲ್ಲಿ ಬೆಳಗುವುದಿಲ್ಲ. ನಮ್ಮ ಕಡೆ ಎಲ್ಲದಕ್ಕೂ ರೇಡಿಯಂ ಅಂತೀವಿ. ಇದರಲ್ಲಿ ಇರುವುದು ಟ್ರೀಟಿಯಂ ಅನ್ನುವ ಬೇರೆ ವಿಕಿರಣ ವಸ್ತು. ಪ್ರತಿ 12.3 ವರ್ಷಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ. ಐವತ್ತು ವರ್ಷಕ್ಕೆ ನಾಲ್ಕು ಸಲ ಅರ್ಧ, ಅಂದರೆ ಹದಿನಾರರಲ್ಲಿ ಒಂದು ಪಾಲು. ಹೊಳೆಯುವ ಪುಡಿಯೂ ಅಷ್ಟೊತ್ತಿಗೆ ಸುಸ್ತಾಗಿರುತ್ತದೆ. ಮಲ್ಲೇಶ್ವರದವರು ಮೆಚ್ಚಿದ ಕೆನೆ ಬಣ್ಣ ಬಂದಿದ್ದು ಹೀಗೆ.

ಲೆಕ್ಕದ ಪುಸ್ತಕ:
ನೋಡಿ, ಮುಳುಗಲ್ಲ, ಬೆಳಗಲ್ಲ. ಡೈವರ್ ವಾಚು ಮಾಡಬೇಕಾದ ಎರಡು ಕೆಲಸವೂ ಇಲ್ಲ. ನೀರು ತಡೆಯುವ ಹೊಸ ವಾಚು ಕೆಲವೇ ಸಾವಿರಕ್ಕೆ ಸಿಗುತ್ತೆ. ಡೈವರ್ ವಾಚಿಗೆ ಐಎಸ್ಒ 6425 ಅಂತ ಒಂದು ನಿಯಮವೇ ಇದೆ: ಕನಿಷ್ಠ 100 ಮೀಟರ್, ಬರೆದ ಆಳಕ್ಕಿಂತ ಕಾಲು ಪಾಲು ಜಾಸ್ತಿ ಒತ್ತಡದಲ್ಲಿ ಪರೀಕ್ಷೆ, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಓದಲು ಆಗಬೇಕು. ಅದರಲ್ಲಿ ಪಾಸಾದ ಸೀಕೋ ತಗೊಳ್ಳಿ, ನೇತ್ರಾಣಿಗೆ ಹೋಗಿ ಬನ್ನಿ. ಉಳಿದ ದುಡ್ಡಲ್ಲಿ ಸೈಟು.

ಜಾಲಹಳ್ಳಿ ಕ್ವಾರ್ಟರ್ಸ್:
ನಮ್ಮ ಅಮ್ಮ ಎಚ್‌ಎಂಟಿಯಲ್ಲಿ ಅಸೆಂಬ್ಲಿ ಸೆಕ್ಷನ್‌ನಲ್ಲಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಡೀ ದಿನ ಚಿಮಟದಲ್ಲಿ ಸ್ಕ್ರೂ ಕೂರಿಸುವ ಕೆಲಸ. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಎಡಗಣ್ಣು ಕಿರಿದು ಮಾಡಿಕೊಂಡೇ ಇರುತ್ತಿದ್ದರು. ಅದಕ್ಕೇ ಈ ಚರ್ಚೆ ನನಗೆ ಮುಖ್ಯ.

ರೋಲೆಕ್ಸಿನದೇ ಇನ್ನೊಂದು ಡೈವರ್ ವಾಚು ಸಬ್‌ಮರೀನರ್, ಮತ್ತೆ ಫಿಫ್ಟಿ ಫ್ಯಾದಮ್ಸ್, ಎರಡೂ 1953ರವು. ಎಚ್‌ಎಂಟಿ ಬೆಂಗಳೂರಿನಲ್ಲಿ ಶುರುವಾಗಿದ್ದೂ 1953ರಲ್ಲೇ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲೇ ವಾಚು ಮಾಡಿದರು. ಜನತಾ ವಾಚು ಸಮುದ್ರದ ತಳಕ್ಕೆ ಹೋಗಲಿಲ್ಲ. ಮೇಷ್ಟ್ರ ಕೈಗೆ, ಕಂಡಕ್ಟರ್ ಕೈಗೆ, ಮದುಮಗನ ಕೈಗೆ ಹೋಯಿತು. ಬೆಳಗ್ಗೆ ಕೀಲಿ ಕೊಟ್ಟರೆ ಮಾರನೇ ಬೆಳಗ್ಗೆವರೆಗೂ ಓಡುತ್ತಿತ್ತು. 2016ರಲ್ಲಿ ವಾಚು ವಿಭಾಗ ಮುಚ್ಚುವ ತೀರ್ಮಾನ ಬಂದಾಗ ಅಮ್ಮ ಊಟ ಬಿಟ್ಟು ಎದ್ದು ಹೋದರು.

ಲೆಕ್ಕದ ಪುಸ್ತಕ ಅವರೇ, ನಿಮ್ಮ ಪ್ರಶ್ನೆ ಜನತಾಗೂ ಅನ್ವಯಿಸುತ್ತೆ. ಮೊಬೈಲ್ ಅದಕ್ಕಿಂತ ಸರಿಯಾದ ಟೈಮ್ ತೋರಿಸುತ್ತೆ. ಹಾಗಂತ ಅಮ್ಮನ ಕೈ ಹಾದುಹೋದ ವಾಚನ್ನು ನಾನು ಬಿಸಾಡಲ್ಲ. ಮಲ್ಲೇಶ್ವರದವರಿಗೆ ನನ್ನ ತಕರಾರು ಬೇರೆ. ಆ ವಾಚು ಆ ಹಿರಿಯರ ದುಡಿಮೆಯ ಗುರುತು. ನಿಮ್ಮ ಕೈಗೆ ಬಂದ ಮೇಲೆ ಅದು ಏನಾಗುತ್ತೆ ಅಂತ ಯೋಚಿಸಿದ್ದೀರಾ? ಲಾಕರ್‌ನಲ್ಲಿ ಇಡುವುದಾದರೆ ಅವರ ಬೀರುವಿನಲ್ಲೇ ಇರಲಿ.

ನೇತ್ರಾಣಿ ಮೀನು:
ಇದಕ್ಕೆ ನನ್ನ ಒಪ್ಪಿಗೆ ಇದೆ. ಮಕ್ಕಳಿಗೆ ಕೊಡಲ್ಲವಂತಾ ಅವರು? ಕೇಳಿದ್ರಾ?

ಮಲ್ಲೇಶ್ವರದವನು:
ಕೇಳಿದೆ. ಮಕ್ಕಳಿಬ್ಬರೂ ಹೊರಗಿದ್ದಾರೆ, ಬೇಡ ಅಂದರಂತೆ. "ಕಟ್ಟಿಕೊಳ್ಳುವವರಿಗೆ ಕೊಡ್ತೀನಿ, ಮಾರುವವರಿಗೆ ಬೇಡ" ಅಂದರು. ಮುಖ ನೋಡಿ ಕೇಳಿದ ಹಾಗಿತ್ತು ಆ ಮಾತು. ಲಾಕರ್‌ನಲ್ಲಿ ಇಡಲ್ಲ ಮೇಡಂ. ಬಸ್ಸಿನಲ್ಲೂ ಕಟ್ಟಿಕೊಂಡು ಹೋಗ್ತೀನಿ.

ಸೈಟಿನ ಮಾತು ನಿಜ. ಮನೆಯಾಕೆ ಜೊತೆ ಮಾತಾಡಿದೆ. ಅವಳು ವಾಚಿನ ಬಗ್ಗೆ ಏನೂ ಅನ್ನಲಿಲ್ಲ. "ಅಸಲಿ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ" ಅಂದಳು. ಪಾಲಿಶ್ ಮಾಡಿಸಿದರೆ ಹೊಸದರ ಹಾಗೆ ಆಗುತ್ತೆ ಅಂತ ಒಬ್ಬರು ಹೇಳಿದರು. ಮಾಡಿಸಲಾ?

ಅವೆನ್ಯೂ ರೋಡ್ ರಿಪೇರಿ:
ಬೇಡವೇ ಬೇಡ! ಹೋದ ವರ್ಷ ಒಬ್ಬರು ಹಳೇ ಸಬ್‌ಮರೀನರ್ ತಂದಿದ್ದರು. ನಗರದ ಒಂದು ಅಂಗಡಿಯಲ್ಲಿ ಬಫಿಂಗ್ ಮಾಡಿಸಿದ್ದರಂತೆ. ಚೈನು ಸೇರುವ ಕಿವಿಗಳ ಅಂಚು ಸವೆದು ಸೋಪಿನ ತುಂಡಿನ ಹಾಗಾಗಿತ್ತು. ಅಂಚಿನ ಓರೆ ಗೆರೆ ಪೂರ್ತಿ ಮಾಯ. ಹೋದ ಸ್ಟೀಲು ವಾಪಸ್ ಬರಲ್ಲ. ಗೀರುಗಳು ಇರಲಿ ಬಿಡಿ.

ಡಯಲ್ ಇನ್ನೂ ಮುಖ್ಯ. ಕೆಂಪು ಅಕ್ಷರಕ್ಕೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ನಕಲಿ ಡಯಲ್‌ಗಳು ಬಂದಿವೆ. ಎಚ್‌ಎಂಟಿಗೇ ಹೊಸ ಬಣ್ಣ ಬಳಿದು ಮಾರುವವರು ಇದನ್ನು ಬಿಡ್ತಾರಾ? ಚೈನು ಬಿಚ್ಚಿದರೆ ಕಿವಿಗಳ ನಡುವೆ, 6ರ ಕಡೆ ಸೀರಿಯಲ್ ನಂಬರ್, 12ರ ಕಡೆ ಮಾಡೆಲ್ ನಂಬರ್ ಕೆತ್ತಿರುತ್ತದೆ. ಡಬಲ್ ರೆಡ್‌ಗಳಲ್ಲಿ ಹಲವದರ ಹಿಂದಿನ ಮುಚ್ಚಳದ ಒಳಭಾಗದಲ್ಲಿ ಅದೇ ಸೀರಿಯಲ್‌ನ ಕೊನೆಯ ಮೂರು ಅಂಕಿ ಇರುತ್ತೆ. ಎರಡೂ ಹೊಂದಿದರೆ ಮುಚ್ಚಳ ಮತ್ತು ಕೇಸು ಹುಟ್ಟಿನಿಂದ ಜೊತೆಗಿದ್ದವು ಅಂತ ಧೈರ್ಯ.

ಲೆಕ್ಕದ ಪುಸ್ತಕ:
ನನ್ನ ಅಭಿಪ್ರಾಯ ಬದಲಾಗಿಲ್ಲ, ಸೈಟೇ ಮೊದಲು. ಆದರೆ ತಗೊಳ್ಳುವುದೇ ಆದರೆ ಬ್ಯಾಂಕ್ ಮೂಲಕ ದುಡ್ಡು ಕೊಡಿ, ಸೀರಿಯಲ್ ನಂಬರ್ ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ. ಸಂಬಂಧಿಕರು ಅಂತ ಸಂಕೋಚ ಬೇಡ.

ಮಲ್ಲೇಶ್ವರದವನು:
ಆಗಲಿ ಸರ್, ಹಾಗೇ ಮಾಡ್ತೀನಿ. ರಿಪೇರಿ ಅಣ್ಣ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನನ್ನ ಜೊತೆ ರಾಜಾಜಿನಗರಕ್ಕೆ ಬರ್ತೀರಾ? ಅವರ ಎದುರಿಗೇ ಬಿಚ್ಚಿ ನೋಡೋಣ. ಅವರಿಗೂ ಒಳಗೆ ಏನಿದೆ ಅಂತ ನೋಡುವ ಆಸೆ ಇದೆ.

ಅವೆನ್ಯೂ ರೋಡ್ ರಿಪೇರಿ:
ಬರ್ತೀನಿ. ಮುಚ್ಚಳ ತಿರುಗಿಸುವ ಕೀ ನನ್ನ ಹತ್ತಿರ ಇದೆ. ನೀವು ಒಂದು ಬಿಳಿ ಬಟ್ಟೆ ತನ್ನಿ, ಒಗೆದದ್ದು.